ಕಾಲೂರದ ಮೇಷ್ಟ್ರು

ಬೈಕು ಕಲಿಸುವ ಮೇಷ್ಟ್ರ ಮೈದಾನದಲ್ಲಿ ಎಲ್ಲ ತಪ್ಪಿಗೂ ಮಾಫಿಯಿತ್ತು, ಕಾಲು ನೆಲಕ್ಕೂರುವುದೊಂದನ್ನು ಬಿಟ್ಟು. ತಡವಾಗಿ ಬಂದರೆ ಪರವಾಗಿಲ್ಲ, ಗೇರು ಬದಲಿಸುವ ಗಡಿಬಿಡಿಯಲ್ಲಿ ಹಾರ್ನು ಹೊಡೆದರೂ ಪರವಾಗಿಲ್ಲ. ಆದರೆ ಸುಣ್ಣದ ಪುಡಿಯಲ್ಲಿ ಬರೆದ ಎಂಟರ ಗೆರೆಯ ಮೇಲೆ, ಇರುವೆಗೂ ಆಕಳಿಕೆ ಬರುವಷ್ಟು ನಿಧಾನವಾಗಿ ಗಾಡಿ ಸುತ್ತಿಸುವಾಗ ಯಾರದಾದರೂ ಪಾದ ಕೆಳಗೆ ತಾಗಿತೋ, ಅವರ ಕಥೆ ಮುಗಿಯಿತು.

"ಕಾಲು ಕೆಳಗೆ ಬಂತು, ಮಾನ ಮೇಲಕ್ಕೆ ಹೋಯ್ತು!" ಎಂದು ಮೇಷ್ಟ್ರು ಕೂಗುತ್ತಿದ್ದರು. ಆಮೇಲೆ ಅವರ ಆಟ ಶುರು. ಇಲ್ಲದ ಬೈಕಿನ ಹ್ಯಾಂಡಲು ಹಿಡಿದು, ಬಾಯಲ್ಲೇ ಇಂಜಿನ್ನು ಗುರುಗುಟ್ಟಿಸಿ, ಕಾಲೂರಿದವರ ಮುಖ, ಕಿರುಚಾಟ, ಗಲಿಬಿಲಿ ಎಲ್ಲವನ್ನೂ ಅಚ್ಚೊತ್ತಿದ ಹಾಗೆ ಮಾಡಿ ತೋರಿಸುತ್ತಿದ್ದರು. ಕೈಕಾಲಿಗೆ ಕಲಿಸುವುದು ಅರ್ಧ ಪಾಠ, ಕಾಲೆಳೆಯುವುದು ಇನ್ನರ್ಧ. ಮಿಕ್ಕ ಶಿಷ್ಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾಳೆ ತಮ್ಮ ಸರದಿ ಎಂಬುದು ನಗುವ ಹೊತ್ತಿನಲ್ಲಿ ಯಾರಿಗೆ ತಾನೆ ನೆನಪಿರುತ್ತದೆ?

ರಸ್ತೆಯಲ್ಲೂ ಮೇಷ್ಟ್ರು ಈ ವ್ರತ ಮುರಿಯುತ್ತಿರಲಿಲ್ಲ. ಟ್ರಾಫಿಕ್ಕು ಕಟ್ಟಿಕೊಂಡು ಒಂದಡಿ ಸರಿದು ಮತ್ತೆ ನಿಲ್ಲುವಾಗ ಉಳಿದ ಸವಾರರು ದೋಣಿಗೆ ಹುಟ್ಟು ಹಾಕುವವರಂತೆ ಎರಡೂ ಕಾಲಿನಿಂದ ನೆಲವನ್ನು ಹಿಂದಕ್ಕೆ ತಳ್ಳುತ್ತ ಹೋಗುತ್ತಾರಲ್ಲ, ಮೇಷ್ಟ್ರು ಹಾಗಲ್ಲ. ಕ್ಲಚ್ಚನ್ನು ಅರ್ಧಕ್ಕೆ ಹಿಡಿದು, ಹಿಂದಿನ ಬ್ರೇಕನ್ನು ಬೂಟಿನ ತುದಿಯಿಂದ ಸವರುತ್ತ, ಸೊಂಟವನ್ನು ಕೂದಲೆಳೆಯಷ್ಟು ಆಚೀಚೆ ತೂಗಿಸುತ್ತ, ನಿಂತೂ ನಿಲ್ಲದವರಂತೆ ಇರುತ್ತಿದ್ದರು. "ನಮ್ಮ ಮೇಷ್ಟ್ರಿಗೆ ಎಲ್ಲ ಊರೂ ಗೊತ್ತು, ಕಾಲೂರು ಒಂದು ಬಿಟ್ಟು" ಎಂದು ಶಿಷ್ಯರು ಆಡಿಕೊಳ್ಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ದಿನ ಮೇಷ್ಟ್ರು ಅದನ್ನು ಬಿರುದಿನಂತೆ ಮನೆಗೆ ತಂದು ಹೆಂಡತಿಯ ಮುಂದೆ ಹತ್ತಾರು ಸಲ ಹೇಳಿಕೊಂಡಿದ್ದರು.

ಈಗ ಅವರ ಬೈಕಿನ ಹಿಂದಿನ ಸೀಟಿನಲ್ಲಿ ಕೂರಬೇಕಾಗಿ ಬಂದದ್ದು ಅತ್ತೆಗೆ, ಅಂದರೆ ಹೆಂಡತಿಯ ತಾಯಿಗೆ.

ಬಟ್ಟೆ ಕತ್ತರಿಸುವುದು ಅತ್ತೆಯ ಕಸುಬು. ಬದುಕಿಡೀ ಕತ್ತರಿಸಿದ್ದು ನೆಲದ ಮೇಲೆ, ಚಾಪೆ ಹಾಸಿ, ಮಂಡಿಯೂರಿ. ಮೊದಲು ಗಂಡನ ಮನೆಯ ನೆಲ, ಈಗ ಮಗಳ ಮನೆಯ ನೆಲ. ಯಾರಾದರೂ ನೀರು ಕುಡಿಯಲು ಎದ್ದರೆ ಬಟ್ಟೆ ಸುತ್ತಿ, ಚಾಪೆ ಮಡಿಸಿ, ದಾರಿ ಬಿಟ್ಟು, ಮತ್ತೆ ಹಾಸಿಕೊಳ್ಳಬೇಕು. ಸಮವಸ್ತ್ರ ಹೊಲಿಯುವ ಒಂದು ಕಡೆ ಹಳೆಯ ಕತ್ತರಿಯವನು ಕೆಲಸ ಬಿಡುತ್ತಾನೆಂದು ಎಲ್ಲಿಂದಲೋ ತಿಳಿದು, ಮನೆಯಲ್ಲಿ ಯಾರಿಗೂ ಹೇಳದೆ ತಾವೇ ಹೋಗಿ ಮಾತಾಡಿ ಬಂದಿದ್ದರು. ಅಲ್ಲಿನ ಯಜಮಾನರು, "ಹತ್ತೂವರೆಗೆ ಬನ್ನಿ, ನನ್ನ ಕಣ್ಣೆದುರಿಗೆ ಒಂದು ಕೋಟಿನ ತೋಳು ಕತ್ತರಿಸಿ. ಆಮೇಲೆ ನೋಡೋಣ" ಎಂದಿದ್ದರು. ಅತ್ತೆಯ ಮನಸ್ಸು ಮಾತ್ರ ಕೆಲಸಕ್ಕಿಂತ ಹೆಚ್ಚಾಗಿ ಅಲ್ಲಿನ ಮೇಜಿನ ಮೇಲೆ ಕೂತಿತ್ತು.

"ಸೊಂಟದೆತ್ತರ ಇದೆ ಕಣೇ," ಎಂದು ಮಗಳಿಗೆ ಹೇಳಿದರು. "ಈ ಗೋಡೆಯಿಂದ ಆ ಗೋಡೆವರೆಗೂ. ಯಾರೂ ದಾಟ್ಕೊಂಡು ಹೋಗಲ್ಲ. ನಿಂತ್ಕೊಂಡು ಕತ್ತರಿಸೋದು ಹೇಗಿರುತ್ತೆ ಅಂತ ನೋಡ್ಬಿಡ್ಬೇಕು ನಾನು."

ಹೊರಡುವ ಹೊತ್ತಿಗೆ ಅತ್ತೆ, "ನಾನು ಬಸ್ಸಲ್ಲೇ ಹೋಗ್ತೀನಿ" ಎಂದರು.

"ಬಸ್ಸಾ? ಸರಿ, ಹಾಗಾದ್ರೆ ನಾಳೆ ಹತ್ತೂವರೆಗೆ ತಲುಪ್ತೀರಿ," ಎಂದರು ಮೇಷ್ಟ್ರು. "ಈ ಟ್ರಾಫಿಕ್ಕಲ್ಲಿ ಬಸ್ಸು ಬಸವನಹುಳು ಅತ್ತೆ. ನಾನು ಸೂಜಿ ಇದ್ದ ಹಾಗೆ. ಎಲ್ಲಿ ಬೇಕಾದ್ರೂ ತೂರ್ತೀನಿ."

"ರೀ, ಹಿಂದೆ ಅಮ್ಮ ಕೂತಿರ್ತಾರೆ. ನಿಮ್ಮ ಸರ್ಕಸ್ಸು ಬೇಡ," ಎಂದಳು ಹೆಂಡತಿ.

"ಸರ್ಕಸ್ಸಲ್ಲ ಕಣೇ, ಸರ್ವಿಸ್ಸು!"

ಅತ್ತೆ ಮಂಡಿನೋವಿನಿಂದಾಗಿ ಎರಡೂ ಕಾಲನ್ನು ಎಡಗಡೆಗೇ ಹಾಕಿ ಕೂತರು. ತಲೆಗೆ ಮಗಳ ಹೆಲ್ಮೆಟ್ಟು, ಬಲಗೈ ಅಳಿಯನ ಭುಜದ ಮೇಲೆ, ಎಡಗೈ ಮಡಿಲಿನ ಚೀಲದ ಸುತ್ತ. ಚೀಲದಲ್ಲಿ ಅವರ ಸ್ವಂತ ಕತ್ತರಿ, ಹಳೆಯ ಬಟ್ಟೆಯಲ್ಲಿ ಮಗುವಿನಂತೆ ಸುತ್ತಿಕೊಂಡು ಮಲಗಿತ್ತು.

ದೊಡ್ಡ ರಸ್ತೆಗೆ ಬರುತ್ತಿದ್ದಂತೆ ಟ್ರಾಫಿಕ್ಕು ಗಟ್ಟಿಯಾಯಿತು. ಮುಂದೆ ಬಸ್ಸು, ಅದರ ಮುಂದೆ ಲಾರಿ, ಅದರ ಮುಂದೇನೋ ದೇವರೇ ಬಲ್ಲ. ಸಾಲು ಒಂದು ಹೆಜ್ಜೆ ಸರಿಯಿತು, ನಿಂತಿತು. ಅರ್ಧ ಹೆಜ್ಜೆ ಸರಿಯಿತು, ನಿಂತಿತು. ಅತ್ತೆಯ ಹಿಡಿತ ಭುಜದ ಮೇಲೆ ಬಿಗಿಯಾಗುತ್ತಿರುವುದು ಮೇಷ್ಟ್ರಿಗೆ ಗೊತ್ತಾಯಿತು. ಧೈರ್ಯ ತುಂಬಲೆಂದು ಹಾರ್ನುಗಳಿಗೆಲ್ಲ ಮಾತು ಕೊಡತೊಡಗಿದರು.

"ಈಗ ಪೊಂ ಅಂತಲ್ಲ, ಅದು ಊಟಕ್ಕೆ ಕರೀಲಿಲ್ಲ ಅಂತ ಮುನಿಸ್ಕೊಂಡಿರೋ ದೊಡ್ಡಪ್ಪ. ಪೀಂ ಪೀಂ ಪೀಂ? ಅವಳು ನಾದಿನಿ, ಎಲ್ಲದಕ್ಕೂ ಅವಸರ. ಕೇಳಿ, ಕೇಳಿ... ಭೋಂಂಂ! ನಮ್ಮ ಮಾವನೋರು ಗಂಟಲು ಸರಿಮಾಡ್ಕೊಂಡ್ರು."

ಅತ್ತೆ ನಗಲಿಲ್ಲ. "ಕಾಲೂರಿ ಅಳಿಯಂದ್ರೇ," ಎಂದರು. ಹೆದರಿದಾಗ ಅವರ ದನಿ ತೆಳ್ಳಗಾಗಿ, 'ರೇ' ಎಂಬಲ್ಲಿ ಮೇಲಕ್ಕೇರಿ ಸೀಳುತ್ತಿತ್ತು. "ಗಾಡಿ ವಾಲ್ತಾ ಇದೆ. ಕಾಲೂರಿ."

"ವಾಲ್ತಿಲ್ಲ ಅತ್ತೆ, ತೂಗ್ತಾ ಇದೆ. ತೊಟ್ಟಿಲು ಅಂದ್ಕೊಳ್ಳಿ."

ಅಷ್ಟರಲ್ಲಿ ಪಕ್ಕಕ್ಕೊಂದು ಸ್ಕೂಟರು ಬಂದು ನಿಂತಿತು. ಅದರ ಮೇಲಿದ್ದವಳು ಹಳೆಯ ಶಿಷ್ಯೆ, ಬ್ಯಾಂಕಿನ ಗುಮಾಸ್ತೆ. ಎರಡೂ ಕಾಲನ್ನು ಅಗಲಿಸಿ ನೆಲದ ಮೇಲೆ ಎಳೆಯುತ್ತಿದ್ದುದರಿಂದ ಮೇಷ್ಟ್ರು ಅವಳಿಗಿಟ್ಟ ಹೆಸರು ಬಾತುಕೋಳಿ. ಆ ಹೆಸರು ಮೈದಾನ ದಾಟಿ ಬ್ಯಾಂಕಿನ ತನಕ ನಡೆದುಹೋಗಿತ್ತು. ಈಗಲೂ ಅವಳ ಎರಡೂ ಪಾದ ನೆಲದ ಮೇಲೆ ನೆಮ್ಮದಿಯಾಗಿದ್ದವು.

"ನಮಸ್ಕಾರ ಮೇಷ್ಟ್ರೇ! ಹಿಂದೆ ಜನ ಕೂತಾಗ್ಲೂ ಕಾಲೂರಲ್ವಾ?"

"ನೋಡ್ತಾ ಇರಮ್ಮ. ಫೀಸು ಕೊಟ್ಟು ಕಲೀಲಿಲ್ಲ, ಪುಕ್ಕಟೆ ಆದ್ರೂ ಕಲಿ."

ಸಾಲು ಸರಿಯಿತು. ಮೇಷ್ಟ್ರು ತೇಲಿದರು. ಮುಂದಿನ ಬಸ್ಸು ಗಕ್ಕನೆ ನಿಂತಿತು. ಮೇಷ್ಟ್ರು ಕ್ಲಚ್ಚು ಒತ್ತಿ, ಬ್ರೇಕು ಮುಟ್ಟಿ, ಸೊನ್ನೆ ವೇಗದಲ್ಲಿ, ಎರಡೂ ಕಾಲು ಮೇಲೆ ಇಟ್ಟುಕೊಂಡು, ಗಾಡಿಯನ್ನು ಗಾಳಿಯಲ್ಲಿ ಕಟ್ಟಿದಂತೆ ನಿಲ್ಲಿಸಿದರು. ಶಿಷ್ಯೆ ಹುಬ್ಬೇರಿಸಿದಳು. ಮೇಷ್ಟ್ರು ಅವಳ ಕಡೆ ತಿರುಗಿ ಒಂದು ನಗೆ ಕೊಟ್ಟರು.

"ಕಾಲೂರಿ ಅಳಿಯಂದ್ರೇ!"

ಚೀಲ ಮಡಿಲಿನಿಂದ ಜಾರಿತೆಂದು ಅತ್ತೆ ಮುಂದಕ್ಕೆ ಬಾಗಿದರು. ಅಷ್ಟೇ. ಎಡಕ್ಕೆ ಹೋದ ಭಾರವನ್ನು ಸೊಂಟ ಹಿಂದಕ್ಕೆ ತರಲಿಲ್ಲ. ಕಾಲೂರಲು ಹೊತ್ತಿತ್ತು, ಬೇಕಾದಷ್ಟು ಹೊತ್ತಿತ್ತು. ಕಾಲು ಮಾತ್ರ ಬರಲಿಲ್ಲ. ವರ್ಷಗಳಿಂದ ಕೆಳಗಿಳಿಯಬೇಡ ಎಂದು ಗದರಿಸಿಕೊಂಡ ಕಾಲು, ಅಪ್ಪಣೆಗೆ ಕಾಯುತ್ತ ಅಲ್ಲೇ ಉಳಿಯಿತು. ಬೈಕು ನಿದ್ದೆ ಬಂದವರಂತೆ ನಿಧಾನವಾಗಿ ಎಡಗಡೆಗೆ ಒರಗಿತು. ಅತ್ತೆ ಮುಂದಕ್ಕೆ ಮುಗ್ಗರಿಸಿ ಮಂಡಿಯ ಮೇಲೆ ಬಿದ್ದರು. ಎಡಗೈ ಚೀಲ ಬಿಡಲಿಲ್ಲ, ಇಡೀ ಮೈಯ ಭಾರ ಬಲಗೈ ಹೆಬ್ಬೆರಳಿನ ಮೇಲೆ ಬಂತು.

ಎದ್ದ ಮೇಷ್ಟ್ರಿಗೆ ಮೊದಲು ಕಂಡದ್ದು ಅತ್ತೆಯಲ್ಲ, ನೋಡುತ್ತಿದ್ದ ಜನ. ಬಸ್ಸಿನ ಹಿಂದಿನ ಗಾಜಿನಲ್ಲಿ ಸಾಲಾಗಿ ಮುಖಗಳು. ಬಾಯಿ ತಾನಾಗಿ ತೆರೆಯಿತು.

"ಏನ್ರೀ, ಕಣ್ಣು ಕಾಣಲ್ವಾ? ತಾಗಿಸಿಬಿಟ್ರಲ್ಲ!" ಎಂದು ಹಿಂದಿನ ಕಾರಿನತ್ತ ಕೂಗಿದರು.

ಆ ಕಾರು ಎರಡು ಮಾರು ಹಿಂದಿತ್ತು. ಅದರೊಳಗಿನಿಂದ ದಪ್ಪ ಕನ್ನಡಕದ ಒಬ್ಬರು ಗಾಬರಿಯಿಂದ ಇಳಿದು ಬಂದರು. "ತಾಗ್ತಾ? ಅಯ್ಯೋ, ನನಗೆ ಗೊತ್ತೇ ಆಗ್ಲಿಲ್ಲ ಸ್ವಾಮಿ. ತಪ್ಪಾಯ್ತು. ಅಮ್ಮಾ, ತಪ್ಪಾಯ್ತಮ್ಮ," ಎಂದು ಕೈಜೋಡಿಸಿದರು. ತಮ್ಮ ಬಂಪರನ್ನು ತಾವೇ ಬಗ್ಗಿ ನೋಡಿದರು, ಅಲ್ಲಿ ಇಲ್ಲದ ಗೀರನ್ನು ಹುಡುಕುತ್ತ.

ಶಿಷ್ಯೆ ಸ್ಕೂಟರು ನಿಲ್ಲಿಸಿ ಬಂದು ಬೈಕೆತ್ತಲು ಕೈಕೊಟ್ಟಳು. ಅವಳು ಎಲ್ಲ ನೋಡಿದ್ದಳು. ಅವಳು ನಕ್ಕಿದ್ದರೆ ಮೇಷ್ಟ್ರಿಗೆ ಎಷ್ಟೋ ವಾಸಿಯಾಗುತ್ತಿತ್ತು. ಅವಳು ನಗಲಿಲ್ಲ, ಕಾರಿನವರ ಜೋಡಿಸಿದ ಕೈಯನ್ನು ನೋಡಿದಳು, ಆಮೇಲೆ ಮೇಷ್ಟ್ರ ಮುಖ ನೋಡದೆ ಹೊರಟುಹೋದಳು.

ಅತ್ತೆ ಪಾದಚಾರಿ ಕಟ್ಟೆಯ ಮೇಲೆ ಕೂತು ಮೊದಲು ಕತ್ತರಿಯ ಸುತ್ತು ಬಿಚ್ಚಿ ನೋಡಿದರು. ಅದು ಸರಿಯಿತ್ತು. ಆಮೇಲೆ ಹೆಬ್ಬೆರಳು ನೋಡಿಕೊಂಡರು. ಆಗಲೇ ಬುಡ ಉಬ್ಬಿ, ಬಣ್ಣ ಬದಲಾಗುತ್ತಿತ್ತು.

"ಡಾಕ್ಟ್ರ ಹತ್ರ ಹೋಗೋಣ ಅತ್ತೆ."

"ಆಮೇಲೆ. ಮೊದಲು ಆ ತೋಳು." ಹೆಲ್ಮೆಟ್ಟು ತೆಗೆದು ಅಳಿಯನ ಕೈಗಿತ್ತರು. "ಇಲ್ಲಿಂದ ದೂರ ಏನಿಲ್ಲ, ನಾನು ನಡೀತೀನಿ. ನೀವು ಗಾಡಿ ತನ್ನಿ."

ಅಲ್ಲಿಂದ ಮುಂದೆ ನಡೆದದ್ದನ್ನು ನೋಡಿದವರಿಗೆ ಏನನ್ನಿಸಿತೋ. ಅತ್ತೆ ಕಟ್ಟೆಯ ಮೇಲೆ ಬಲಗೈಯನ್ನು ಎದೆಗೊತ್ತಿಕೊಂಡು ನಡೆಯುತ್ತಿದ್ದರು. ಮೇಷ್ಟ್ರು ಕೆಳಗೆ, ಟ್ರಾಫಿಕ್ಕಿನಲ್ಲಿ. ಸಾಲು ಸರಿದಾಗ ಮೇಷ್ಟ್ರು ಅತ್ತೆಯ ಸಮಕ್ಕೆ ಬರುವರು, ಸಾಲು ನಿಂತಾಗ ಅತ್ತೆ ಮುಂದೆ ಹೋಗಿಬಿಡುವರು. ಮಂಡಿನೋವಿನ ಅತ್ತೆ ಕುಂಟುತ್ತ ಗೆಲ್ಲುತ್ತಿದ್ದರು, ಸೂಜಿ ಎಂದುಕೊಂಡವರು ಸಿಕ್ಕಿಬಿದ್ದಿದ್ದರು.

"ಹತ್ತಿ ಅತ್ತೆ, ಪ್ಲೀಸ್."

"ನಡೆದ್ರೇನೇ ಬೇಗ."

ಒಂದು ಪ್ರಾವಿಷನ್ ಅಂಗಡಿ, ಒಂದು ಚಪ್ಪಲಿ ಅಂಗಡಿ ದಾಟಿದ ಮೇಲೆ ಮತ್ತೆ ಪಕ್ಕಕ್ಕೆ ಬಂದಾಗ ಅತ್ತೆಯೇ ಕೇಳಿದರು. "ಕಾರು ತಾಗ್ತಾ?"

"ಹೂಂ... ತಾಗಿದ ಹಾಗಾಯ್ತು."

ಅತ್ತೆ ಅಳಿಯನ ಮುಖವನ್ನು ಒಂದು ಗಳಿಗೆ ನೋಡಿದರು. "ಸರಿ ಹಾಗಾದ್ರೆ," ಎಂದು ಮುಂದೆ ನಡೆದರು.

ಹೊಲಿಗೆಯ ಜಾಗ ಮೊದಲನೇ ಮಹಡಿಯಲ್ಲಿತ್ತು. ಟ್ಯೂಬ್‌ಲೈಟುಗಳ ಕೆಳಗೆ ಹೊಲಿಗೆ ಯಂತ್ರಗಳ ಸಾಲು, ಗಾಳಿಯಲ್ಲಿ ಹತ್ತಿಯ ಎಳೆ. ಕೊನೆಯಲ್ಲಿ ಕಿಟಕಿಗೆ ಒತ್ತಿಕೊಂಡು ಮೇಜು. ಅತ್ತೆ ಹೇಳಿದಂತೆಯೇ ಈ ಗೋಡೆಯಿಂದ ಆ ಗೋಡೆಗಿತ್ತು, ವರ್ಷಗಟ್ಟಲೆ ಬಟ್ಟೆ ಎಳೆದೆಳೆದು ಅಂಚು ನುಣುಪಾಗಿತ್ತು. ಅತ್ತೆ ಅದರ ಮುಂದೆ ನಿಂತು ಎಡಗೈಯಿಂದ ಒಮ್ಮೆ ಸವರಿದರು. ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡಿದ್ದ ಯಜಮಾನರು ಕಡುನೀಲಿ ಬಟ್ಟೆಯೊಂದನ್ನು ಬಿಚ್ಚಿ ಹರಡಿದರು. "ಹೂಂ, ನೋಡೋಣ."

ಮೇಷ್ಟ್ರು ಬಾಗಿಲ ಬಳಿ ಎರಡು ಹೆಲ್ಮೆಟ್ಟು ಹಿಡಿದುಕೊಂಡು ನಿಂತಿದ್ದರು.

ಅತ್ತೆ ಸೀಮೆಸುಣ್ಣವನ್ನು ತೋರುಬೆರಳು ಮತ್ತು ನಡುಬೆರಳ ಮಧ್ಯೆ ಹಿಡಿದು ಗೆರೆ ಎಳೆದರು. ಗೆರೆ ಚೆನ್ನಾಗಿ ಬಂತು. ಆಮೇಲೆ ಕತ್ತರಿ ಎತ್ತಿಕೊಂಡರು. ಅದರ ಹಿಡಿಯ ತೂತಿನೊಳಗೆ ಹೆಬ್ಬೆರಳು ಹೋಗಲಿಲ್ಲ. ಉಗುರಿನ ತನಕ ಹೋಗಿ ನಿಂತಿತು. ಅತ್ತೆ ಮೇಜಿನ ಕಡೆ ಬಗ್ಗಿ, ಯಾರಿಗೂ ಮುಖ ಕಾಣದಂತೆ, ಒತ್ತಿದರು. ಬಾಗಿಲಲ್ಲಿ ನಿಂತ ಮೇಷ್ಟ್ರಿಗೆ ಹಿಂದಿನಿಂದ ಕುತ್ತಿಗೆಯ ನರ ಮಾತ್ರ ಕಂಡಿತು. ಬೆರಳು ಒಳಗೆ ಹೋಯಿತು. ಕತ್ತರಿ ನೇರ ಗೆರೆಯಲ್ಲಿ ಚರಚರ ನಡೆಯಿತು. ಹೆಗಲಿನ ತಿರುವು ಬಂದಾಗ ನಿಂತಿತು, ನಡುಗಿತು, ಗೆರೆ ಬಿಟ್ಟಿತು.

ಯಜಮಾನರು ತುಂಡನ್ನೆತ್ತಿ ಬೆಳಕಿಗೆ ಹಿಡಿದರು. "ಗೆರೆ ಚೆನ್ನಾಗಿದೆ. ಆದ್ರೆ ಕೈ ನಡುಗುತ್ತಲ್ಲಮ್ಮ. ಇಲ್ಲಿ ದಿನಾ ಥಾನುಗಟ್ಟಲೆ ಇರುತ್ತೆ."

"ಯಾವಾಗ್ಲೂ ಹೀಗಿಲ್ಲ," ಎಂದರು ಅತ್ತೆ. "ದಾರೀಲಿ ಒಂದು ಕಾರು ತಾಗಿ ಬಿದ್ವಿ."

"ಬಂದವರೆಲ್ಲ ಒಂದೊಂದು ಕಾರು ತರ್ತಾರೆ. ಮೊನ್ನೆ ಬಂದವನು ಕನ್ನಡಕ ಬಸ್ಸಲ್ಲಿ ಬಿಟ್ಟು ಬಂದಿದ್ದ, ಅವನಿಗಿಂತ ಮುಂಚೆ ಬಂದವನಿಗೆ ಜ್ವರ." ಯಜಮಾನರು ಬಟ್ಟೆ ಮಡಿಸತೊಡಗಿದರು. "ಬೇಜಾರು ಮಾಡ್ಕೋಬೇಡಿ. ವಯಸ್ಸು ಯಾರನ್ನ ಬಿಟ್ಟಿದೆ ಹೇಳಿ."

ಅತ್ತೆ ಎಡಗೈಯಿಂದ ಕತ್ತರಿಗೆ ಬಟ್ಟೆ ಸುತ್ತಲು ನೋಡಿದರು. ಒಂದು ಕೈಯಲ್ಲಿ ಸುತ್ತು ನಿಲ್ಲಲಿಲ್ಲ. ಮೇಷ್ಟ್ರು ಹೇಳಿದ ಸುಳ್ಳನ್ನು ಅತ್ತೆ ಹೊತ್ತುಕೊಂಡು ಬಂದು, ಅದಕ್ಕೇ ಸೋಲುತ್ತಿದ್ದರು.

"ಕಾರು ತಾಗ್ಲಿಲ್ಲ," ಎಂದರು ಮೇಷ್ಟ್ರು.

ಯಂತ್ರಗಳು ಒಂದೆರಡು ನಿಂತವು.

"ಯಾವ ಕಾರೂ ತಾಗ್ಲಿಲ್ಲ. ನಾನೇ ಬೀಳಿಸ್ದೆ. ನಿಂತಿದ್ದ ಗಾಡಿ. ನಾನು ಬೈಕು ಕಲಿಸೋ ಮೇಷ್ಟ್ರು."

ಗುಂಡಿ ಹೊಲಿಯುತ್ತಿದ್ದ ಹುಡುಗಿಯೊಬ್ಬಳು ಕಿಸಕ್ಕೆಂದಳು. ಅಲ್ಲಿಗೆ ನಿಲ್ಲಿಸಬಹುದಿತ್ತು, ಹೇಳಬೇಕಾದದ್ದೆಲ್ಲ ಹೇಳಿ ಆಗಿತ್ತು. ಆದರೆ ಆ ಕಿಸಕ್ಕು ಕೇಳಿದ್ದೇ ಮೇಷ್ಟ್ರ ಮೈಗೆ ಅಭ್ಯಾಸದ ಗಾಳಿ ಹೊಕ್ಕಿತು. ಸುಮ್ಮನೆ ನಿಂತು ನಾಚಿಕೆ ಪಡುವುದು ಅವರಿಗೆ ಗೊತ್ತಿರಲಿಲ್ಲ, ನಾಚಿಕೆಯನ್ನು ಆಡಿ ತೋರಿಸುವುದು ಗೊತ್ತಿತ್ತು. ಹೆಲ್ಮೆಟ್ಟುಗಳನ್ನು ಕೆಳಗಿಟ್ಟರು. ಇಲ್ಲದ ಹ್ಯಾಂಡಲು ಕೈಗೆ ಬಂತು. ಗುರುಗುರು ಎಂದಿತು ಬಾಯಿ.

"ನಾನು ಹೀಗೆ ಬರ್ತಾ ಇದೀನಿ, ರಾಜನ ಹಾಗೆ. ಕಾಲೂರೋದಾ? ನಾನಾ? ಛೆ! ಪಕ್ಕದಲ್ಲಿ ನನ್ನ ಶಿಷ್ಯೆ, ನೋಡಮ್ಮ ನೋಡು ಅಂತಿದೀನಿ." ಸೊಂಟ ತೂಗಿತು. ಯಂತ್ರಗಳೆಲ್ಲ ನಿಂತವು. ನಗು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ದಾಟಿತು. "ಹಿಂದಿನಿಂದ ನಮ್ಮತ್ತೆ..." ಮೇಷ್ಟ್ರು ಭುಜ ಕುಗ್ಗಿಸಿ, ಇಲ್ಲದ ಚೀಲವನ್ನು ಮಡಿಲಿಗೊತ್ತಿ, ಕಣ್ಣು ಪಿಳಿಪಿಳಿಸಿ, ದನಿಯನ್ನು ತೆಳ್ಳಗೆ ಎಳೆದು ತುದಿಯಲ್ಲಿ ಸೀಳಿದರು. "ಕಾಲೂರಿ ಅಳಿಯಂದ್ರೇಏ! ಕಾಲೂರೀಈ!"

ಇಡೀ ಮಹಡಿ ನಕ್ಕಿತು. ಇಸ್ತ್ರಿ ಮಾಡುತ್ತಿದ್ದವನು ಮೇಜು ಬಡಿದು ನಕ್ಕ. ಮೇಷ್ಟ್ರು ಬೈಕಿನಂತೆ ನಿಧಾನವಾಗಿ ಒರಗಿ ನೆಲಕ್ಕೆ ಬಿದ್ದು ತೋರಿಸಿದರು. ಬಿದ್ದಲ್ಲಿಂದ ತಲೆಯೆತ್ತಿದಾಗ ನಗದೆ ಇದ್ದ ಮುಖ ಅತ್ತೆಯದೊಂದೇ. ಅವರು ಸಿಟ್ಟಾಗಿರಲಿಲ್ಲ. ಕನ್ನಡಿಯ ಎದುರು ಅಚಾನಕ್ಕಾಗಿ ಬಂದು ನಿಂತವರಂತೆ ಅಳಿಯನನ್ನು ನೋಡುತ್ತಿದ್ದರು.

ಯಜಮಾನರು ಟೇಪಿನ ತುದಿಯಿಂದ ಕಣ್ಣೊರೆಸಿಕೊಂಡರು. "ಸಾಕು ಮಾರಾಯ್ರೇ, ಸಾಕು! ಯಾರೂ ಇಂಥ ಸುಳ್ಳು ಕಟ್ಟಲ್ಲ. ಅಮ್ಮಾ, ಇಂಥ ಅಳಿಯ ಇದ್ರೆ ಕೈಯಲ್ಲ, ಕಟ್ಟಡಾನೇ ನಡುಗುತ್ತೆ. ಬೆರಳು ವಾಸಿ ಮಾಡ್ಕೊಂಡು ಬನ್ನಿ. ಅಲ್ಲಿವರೆಗೂ ನಾನು ಬೇರೆ ಯಾರನ್ನೂ ಕರೆಯಲ್ಲ."

"ಬರ್ತೀನಿ," ಎಂದರು ಅತ್ತೆ.

ಬಾಗಿಲು ದಾಟುವಾಗ ಹಿಂದೆ ಯಂತ್ರಗಳ ನಡುವಿನಿಂದ ಯಾವುದೋ ಗಂಡಸಿನ ದನಿ, ಹೆಂಗಸಿನಂತೆ ತೆಳ್ಳಗಾಗಿ ಕೂಗಿತು. "ಕಾಲೂರಿ ಅಳಿಯಂದ್ರೇಏ!" ಮತ್ತೆ ನಗು. ಅತ್ತೆಯ ಬೆನ್ನು ಒಂದು ಕ್ಷಣ ನೆಟ್ಟಗಾಯಿತು, ಅಷ್ಟೇ. ಆ ಮೇಜಿನ ಮುಂದೆ ಅತ್ತೆ ಮೊದಲ ದಿನ ನಿಲ್ಲುವ ಮೊದಲೇ ಅಲ್ಲಿ ಅವರಿಗೊಂದು ಹೆಸರು ಬಿದ್ದಾಗಿತ್ತು. ಇಟ್ಟವರು ಯಾರೆಂದು ಮೇಷ್ಟ್ರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಮೆಟ್ಟಿಲ ಕೆಳಗೆ ಬೈಕಿನ ಹತ್ತಿರ ಬಂದಾಗ ಮೇಷ್ಟ್ರು, "ಅತ್ತೆ, ಅದು... ಅವರು ನಂಬ್ಲಿ ಅಂತ," ಎಂದರು.

"ನಂಬಿದ್ರಲ್ಲ."

"ಹೂಂ."

"ನಾನು ಹಾಗೇನಾ ಮಾತಾಡೋದು?"

"ಇಲ್ಲ ಅತ್ತೆ. ಸುಮ್ನೆ, ಏನೋ ಬಾಯಿಗೆ ಬಂತು."

"ಬಾಯಿಗೆ ಬಂದದ್ದಲ್ಲ ಅದು. ಚೆನ್ನಾಗಿ ಪಳಗಿತ್ತು." ಅತ್ತೆ ಬೆರಳನ್ನು ನೋಡಿಕೊಳ್ಳುತ್ತ ನಿಧಾನವಾಗಿ ಹೇಳಿದರು. "ಮನೇಲೂ ಮಾಡಿದೀರಿ. ನಾನು ಮಲಗಿದ ಮೇಲೆ. ಹೌದಾ?"

ಮೇಷ್ಟ್ರು ಬೀಗದ ಕೈಯನ್ನು ಅಂಗೈಯಲ್ಲಿ ತಿರುಗಿಸಿದರು.

"ಅವಳೂ ನಗ್ತಾಳಾ?"

ಪ್ರಶ್ನೆ ಬಹಳ ಮೆತ್ತಗಿತ್ತು. ಹೌದು ಎಂದರೆ ಹೆಂಡತಿ ತನ್ನ ತಾಯಿಯ ಕಣ್ಣಲ್ಲಿ ಸಣ್ಣವಳಾಗುತ್ತಾಳೆ, ಇಲ್ಲ ಎಂದರೆ ಬೆಳಗಿನಿಂದ ಅತ್ತೆಗೆ ಹೇಳಿದ ಸುಳ್ಳುಗಳಿಗೆ ಇನ್ನೊಂದು ಸೇರುತ್ತದೆ. ಮೇಷ್ಟ್ರು ಹೆಲ್ಮೆಟ್ಟು ತಲೆಗೆ ಹಾಕಿ ಗಾಜು ಇಳಿಸಿಕೊಂಡರು. ಅದೇ ಉತ್ತರವಾಯಿತು.

"ಡಾಕ್ಟ್ರ ಅಂಗಡಿ ನಮ್ಮ ಸ್ಟಾಪಿನ ಪಕ್ಕದಲ್ಲೇ ಇದೆ," ಎಂದರು ಅತ್ತೆ. "ನಾನು ಬಸ್ಸಿಗೆ ಬರ್ತೀನಿ."

ಬಸ್ಸು ಬಂತು. ಅತ್ತೆ ಎಡಗೈಯಲ್ಲಿ ಕಂಬಿ ಹಿಡಿದು ಹತ್ತಿ, ಕಿಟಕಿಯ ಪಕ್ಕ ಕೂತರು. ಮೇಷ್ಟ್ರು ಬೈಕು ಶುರುಮಾಡಿ ಹಿಂದೆಯೇ ಹೊರಟರು. ಮೊದಲ ತಿರುವಿನಲ್ಲೇ ಟ್ರಾಫಿಕ್ಕು ನಿಂತಿತು. ಬಸ್ಸು ನಿಂತಿತು, ಅದರ ಪಕ್ಕ ಮೇಷ್ಟ್ರೂ ನಿಂತರು, ಸರಿಯಾಗಿ ಆ ಕಿಟಕಿಯ ಕೆಳಗೆ. ಅತ್ತೆ ನೇರ ಮುಂದೆ ನೋಡುತ್ತಿದ್ದರು. ಊದಿದ ಹೆಬ್ಬೆರಳು ಮುಂದಿನ ಸೀಟಿನ ಕಂಬಿಯ ಮೇಲೆ ಉಳಿದ ಬೆರಳುಗಳಿಂದ ದೂರವಾಗಿ ನಿಂತಿತ್ತು. ತುಟಿ ಸಣ್ಣಗೆ ಅಲುಗುತ್ತಿತ್ತು. ಏನೋ ಒಂದು ಮಾತನ್ನು, ಬಹುಶಃ ಒಂದೇ ಮಾತನ್ನು, ತಮ್ಮಷ್ಟಕ್ಕೆ ತಾವೇ ಸಣ್ಣ ದನಿಯಲ್ಲಿ ಹೇಳಿಕೊಂಡು, ಆ ದನಿ ಹೇಗಿದೆಯೆಂದು ಕಿವಿಗೊಡುತ್ತಿರುವಂತಿತ್ತು.

ಬಸ್ಸು ಒಂದು ಹೆಜ್ಜೆ ಸರಿಯಿತು. ಮೇಷ್ಟ್ರೂ ಸರಿದರು. ನಿಂತಿತು. ನಿಂತರು. ಮುಂದೆ ಲಾರಿಗೂ ಕಟ್ಟೆಗೂ ನಡುವೆ ಬೈಕೊಂದು ಆರಾಮಾಗಿ ತೂರುವಷ್ಟು ಜಾಗವಿತ್ತು.

"ಹೋಗ್ರೀ ಮುಂದೆ, ಜಾಗ ಇದೆಯಲ್ಲ!" ಎಂದು ಹಿಂದಿನವನು ಹಾರ್ನು ಒತ್ತಿದ.

ಮೇಷ್ಟ್ರು ಹೋಗಲಿಲ್ಲ. ತಲೆಯೆತ್ತಲೂ ಇಲ್ಲ. ಬಸ್ಸು ಮತ್ತೆ ಯಾವಾಗ ಸರಿಯುತ್ತದೋ ಎಂದು ಅದರ ಚಕ್ರವನ್ನೇ ನೋಡುತ್ತ ಕಾದರು.